ಹಾಲು ಬಿಡಿಸುವುದು ತಾಯಿಬೆಕ್ಕಿನ ಕೆಲಸ

ಪ್ರಶ್ನೆ: ನಮ್ಮ ಮನೆಯ ಬೆಕ್ಕು ಅಟ್ಟದ ಮೇಲೆ ಗೋಣಿಚೀಲಗಳ ಸಂದಿಯಲ್ಲಿ ಮೂರು ಮರಿ ಹಾಕಿದೆ. ಈಗ ಅವಕ್ಕೆ ಹದಿನೆಂಟು ದಿನ. ಮೊನ್ನೆ ತೋಟದ ಅಂಚಿನಲ್ಲಿ ದರಕಿನ ರಾಶಿಯ ಹತ್ತಿರ ಇನ್ನೊಂದು ಪುಟ್ಟ ಮರಿ ಒಂದೇ ಸಮನೆ ಕೂಗುತ್ತಿತ್ತು. ತಾಯಿ ಕಾಣಲಿಲ್ಲ, ಮನೆಗೆ ತಂದೆವು. ಹತ್ತಿಯ ಬತ್ತಿ ಅದ್ದಿ ಆಕಳ ಹಾಲು ಕೊಡುತ್ತಿದ್ದೇನೆ, ಹೊಟ್ಟೆ ಕೆಟ್ಟಿದೆ. ಮರಿಗಳಿಗೆ ಹಾಲು ಬಿಡಿಸಿ ಅನ್ನ ಹಾಕಲು ಯಾವಾಗ ಶುರು ಮಾಡಬೇಕು? ತಿಂಗಳು ತುಂಬಿದ ಕೂಡಲೇ ಮರಿ ಬೇಕು ಎಂದು ಇಬ್ಬರು ಹೇಳಿಟ್ಟಿದ್ದಾರೆ. ನಮ್ಮದು ಮೊಟ್ಟೆ, ಮಾಂಸ ಒಳಗೆ ಬಾರದ ಮನೆ.
– ಓದುಗರೊಬ್ಬರು, ಭೈರುಂಬೆ

ಉತ್ತರ: ಮೊದಲು ತೋಟದಲ್ಲಿ ಸಿಕ್ಕಿದ ಮರಿಯ ಮಾತು. ಅಟ್ಟದ ಮೇಲಿನ ಮೂರಕ್ಕೆ ತಾಯಿಯ ಮೈಬಿಸಿ ಇದೆ, ಹಾಲಿದೆ. ಅವುಗಳ ಪ್ರಶ್ನೆಗೆ ಇನ್ನೂ ಹತ್ತು ದಿನ ಬಿಡುವಿದೆ. ಈ ಒಂಟಿ ಮರಿಗೆ ಬಿಡುವಿಲ್ಲ.

ಅದು ಮನೆಬೆಕ್ಕಿನ ಮರಿಯೇ ಹೌದೇ ಎಂದು ಒಮ್ಮೆ ನೋಡಿಕೊಳ್ಳಿ. ನಿಮ್ಮ ಕಡೆ ತೋಟ ಮುಗಿದಲ್ಲಿ ಸೊಪ್ಪಿನಬೆಟ್ಟ, ಬೆಟ್ಟ ಮುಗಿದಲ್ಲಿ ಕಾಡು. ಕಾಡುಬೆಕ್ಕು, ಚಿರತೆಬೆಕ್ಕು, ಕಬ್ಬೆಕ್ಕು ಮೂರೂ ಈ ಸೀಮೆಯಲ್ಲಿ ಓಡಾಡುತ್ತವೆ. ಕಬ್ಬೆಕ್ಕಿನ ಮರಿಯನ್ನು ಗುರುತಿಸುವುದು ಕಷ್ಟವಲ್ಲ, ಅದರ ಮೂತಿ ಚೂಪಾಗಿ ಮುಂದೆ ಚಾಚಿರುತ್ತದೆ. ಚಿರತೆಬೆಕ್ಕಿನ ಮರಿಗೆ ಮೈತುಂಬ ಬಿಡಿ ಬಿಡಿ ಚುಕ್ಕೆ, ಕಿವಿಯ ಹಿಂಬದಿಯಲ್ಲಿ ಬಿಳಿ ಮಚ್ಚೆ. ಕಾಡುಬೆಕ್ಕಿನ ಮರಿಯೇ ಮೋಸ ಮಾಡುವುದು. ಎಳೆಯದಿದ್ದಾಗ ಅದಕ್ಕೂ ಊರಬೆಕ್ಕಿನ ಹಾಗೆ ಪಟ್ಟೆಗಳಿರುತ್ತವೆ. ಕಾಲು ಉದ್ದ, ಬಾಲ ಗಿಡ್ಡ, ಬಾಲದ ತುದಿಯಲ್ಲಿ ಕಪ್ಪು ಬಳೆಗಳಿದ್ದರೆ ಅನುಮಾನ ಪಡಿ. ಅನುಮಾನ ಬಂದರೆ ಶಿರಸಿಯ ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವರು ಹೇಳಿದಂತೆ ಸಿಕ್ಕಿದ ಜಾಗದಲ್ಲೇ ತಿರುಗಿ ಇಡುವ ವ್ಯವಸ್ಥೆ ಮಾಡಿ. ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಬರುವ ಪ್ರಾಣಿಗಳು. ಅಕ್ಕರೆಯಿಂದ ಸಾಕಿದರೂ ಕಾನೂನು ಒಪ್ಪುವುದಿಲ್ಲ, ಸಾಕಿಸಿಕೊಂಡು ಅವು ಸುಖವಾಗಿರುವುದೂ ಇಲ್ಲ.

ಊರಬೆಕ್ಕಿನದೇ ಆಗಿದ್ದರೂ ಒಂದು ಮಾತು ಹೇಳಲೇಬೇಕು. ಅನಾಥ ಎಂದು ನಾವು ಎತ್ತಿ ತರುವ ಎಷ್ಟೋ ಮರಿಗಳು ಅನಾಥವಲ್ಲ. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಗಂಡುಬೆಕ್ಕಿನ ಭಯ, ಇರುವೆ, ಸೋರುವ ಮಾಡು, ಪದೇ ಪದೇ ಬಂದು ಇಣುಕುವ ಮಕ್ಕಳು, ಯಾವುದು ಬಂದರೂ ತಾಯಿ ಜಾಗ ಬದಲಿಸುತ್ತದೆ. ಒಂದು ಸಲಕ್ಕೆ ಒಂದೇ ಮರಿಯನ್ನು ಕಚ್ಚಿಕೊಂಡು ಹೋಗುವುದರಿಂದ ಉಳಿದವು ಅಷ್ಟು ಹೊತ್ತು ಒಂಟಿಯಾಗಿ ಕೂಗುತ್ತಿರುತ್ತವೆ. ಬೇಟೆಗೆ ಹೋದ ತಾಯಿ ಬರಲು ಕೆಲವು ಗಂಟೆ ಆಗಲೂಬಹುದು. ಆದ್ದರಿಂದ ಇಂಥ ಮರಿ ಕಂಡಾಗ, ಅದು ಬೆಚ್ಚಗಿದ್ದು ಮಳೆ, ನಾಯಿ, ಇರುವೆಗಳ ಕಾಟ ಇಲ್ಲದಿದ್ದರೆ, ದೂರ ನಿಂತು ಕಾಯುವುದೇ ಸರಿ. ಮನುಷ್ಯರು ಮುಟ್ಟಿದ ಮರಿಯನ್ನು ಬೆಕ್ಕು ಹತ್ತಿರ ಸೇರಿಸುವುದಿಲ್ಲ ಎಂಬ ನಂಬಿಕೆ ನಿಜವಲ್ಲ. ನಿಮ್ಮ ಮರಿ ಬಂದು ದಿನಗಳಾಗಿರುವುದರಿಂದ ಆ ಹೊತ್ತು ದಾಟಿದೆ. ಇನ್ನು ಅದನ್ನು ಬದುಕಿಸುವ ಕೆಲಸ.

ಮರಿಯನ್ನು ಉಳಿಸುವುದು ಹಾಲಿಗಿಂತ ಮೊದಲು ಬಿಸಿ. ಹುಟ್ಟಿದ ಮೊದಲ ವಾರದಲ್ಲಿ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲೂ ಬರುವುದಿಲ್ಲ. ಆಗ ಅದರ ಮೈಬಿಸಿ 35ರಿಂದ 37 ಡಿಗ್ರಿ ಸೆಲ್ಸಿಯಸ್, ದೊಡ್ಡ ಬೆಕ್ಕಿನ 38-39 ಡಿಗ್ರಿಗೆ ಬರಲು ತಿಂಗಳು ಬೇಕು. 35ಕ್ಕಿಂತ ಕೆಳಗಿಳಿದ ಮರಿಯ ಕರುಳು ಕೆಲಸ ನಿಲ್ಲಿಸಿಬಿಡುತ್ತದೆ. ಆ ಹೊತ್ತಿನಲ್ಲಿ ಬಾಯಿಗೆ ಹಾಕಿದ ಹಾಲು ಹೊಟ್ಟೆಯಲ್ಲೇ ಕೊಳೆಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ. 'ಹಾಲು ಕುಡಿಸಿದೆವು, ಆದರೂ ಸತ್ತಿತು' ಎಂದು ಜನ ಹೇಳುವ ಪ್ರಕರಣಗಳಲ್ಲಿ ಬಹಳಷ್ಟು ಇಂಥವು ಎಂದು ನನ್ನ ಅನಿಸಿಕೆ. ಮರಿಯ ಬಾಯೊಳಗೆ ಕಿರುಬೆರಳು ಇಟ್ಟು ನೋಡಿ. ತಣ್ಣಗಿದ್ದರೆ ಹಾಲು ಬೇಡ, ಮೊದಲು ಬಿಸಿ. ನಿಮ್ಮ ಮನೆಯಲ್ಲಿ ಬಚ್ಚಲ ಒಲೆ ಇದ್ದೇ ಇರುತ್ತದೆ. ಅದರ ಪಕ್ಕದ ಬೆಚ್ಚಗಿನ ಮೂಲೆಯಲ್ಲಿ ಹೊಗೆ ತಾಗದ ಹಾಗೆ ರಟ್ಟಿನ ಪೆಟ್ಟಿಗೆ ಇಟ್ಟು, ಬಾಟಲಿಯಲ್ಲಿ ಬಿಸಿನೀರು ತುಂಬಿ, ಹಳೆ ಸೀರೆಯಲ್ಲಿ ಎರಡು ಸುತ್ತು ಸುತ್ತಿ ಒಂದು ಬದಿಗೆ ಇಡಿ. ಇನ್ನೊಂದು ಬದಿ ಖಾಲಿ ಇರಲಿ, ಸೆಖೆಯಾದರೆ ಮರಿ ತೆವಳಿಕೊಂಡು ಅತ್ತ ಹೋಗಬೇಕು. ಪೆಟ್ಟಿಗೆಯ ಒಳಗೆ ಮೊದಲ ವಾರದ ಮರಿಗೆ 30-32 ಡಿಗ್ರಿ ಬೇಕು, ಮೂರು ವಾರದ ಹೊತ್ತಿಗೆ 27 ಸಾಕು. ಗಡಿಬಿಡಿಯಲ್ಲಿ ಬೆಂಕಿಯ ಮುಂದೆ ಹಿಡಿದು ಕಾಯಿಸಬೇಡಿ. ತಣಿದ ಮರಿ ನಿಧಾನವಾಗಿಯೇ ಬಿಸಿಯಾಗಬೇಕು. ಮಳೆಗಾಲದಲ್ಲಿ ಇರುವೆಗಳು ಎಳೆಮರಿಯನ್ನು ಮುತ್ತಿ ಕೊಲ್ಲುವುದುಂಟು. ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು, ಅದರ ಕಾಲುಗಳಿಗೆ ನೀರಿನ ಬಟ್ಟಲು ಕೊಟ್ಟರೆ ಸಾಕು. ಇರುವೆ ಪುಡಿ ಹತ್ತಿರವೂ ತರಬೇಡಿ.

ಇನ್ನು ಹಾಲು. ಮನೆಯಲ್ಲೇ ಮೊಲೆಯೂಡುವ ಬೆಕ್ಕು ಇರುವುದು ಈ ಮರಿಯ ಭಾಗ್ಯ. ಬೆಕ್ಕುಗಳು ಬೇರೆ ಮರಿಯನ್ನು ಸೇರಿಸಿಕೊಳ್ಳುವುದರಲ್ಲಿ ಬಹಳ ಉದಾರಿಗಳು, ಅದರಲ್ಲೂ ತಮ್ಮ ಮರಿಗಳ ವಯಸ್ಸಿನದೇ ಆಗಿದ್ದರೆ. ಆದರೆ ಮೊದಲು ಅದಕ್ಕೆ ಕಣ್ಣಿನ ಪಿಸರು, ಸೀನು, ರಕ್ತಭೇದಿ ಇಲ್ಲವೆಂದು ಪಶುವೈದ್ಯರಿಂದ ಖಚಿತ ಮಾಡಿಕೊಳ್ಳಿ. ಒಂದು ಮರಿಯ ಪ್ರೀತಿಗೆ ಮೂರನ್ನು ಕಳೆದುಕೊಳ್ಳಬಾರದು. ಆಮೇಲೆ ತಾಯಿ ಹೊರಗೆ ಹೋದ ಹೊತ್ತು ನೋಡಿ, ಅಟ್ಟದ ಮರಿಗಳು ಮಲಗಿದ ಬಟ್ಟೆಯಿಂದ ಈ ಮರಿಯ ಮೈಯೊರೆಸಿ, ಅವುಗಳ ನಡುವೆ ಮಲಗಿಸಿ. ತಾಯಿ ಬಂದು ಮೂಸುತ್ತದೆ, ನೆಕ್ಕುತ್ತದೆ. ನೆಕ್ಕಿತೆಂದರೆ ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು. ಗುರುಗುಟ್ಟಿ ಪಂಜ ಎತ್ತಿದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ, ಒತ್ತಾಯ ಬೇಡ. ಒಂದು ವಿಷಯ ತಿಳಿದಿರಲಿ: ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತಮ್ಮ ತಮ್ಮ ಮೊಲೆ ಗೊತ್ತುಮಾಡಿಕೊಂಡಿರುತ್ತವೆ. ಬೆಕ್ಕಿಗೆ ಸಾಮಾನ್ಯವಾಗಿ ಎಂಟು ಮೊಲೆ, ಹೊಸಬನಿಗೆ ಜಾಗಕ್ಕೆ ಕೊರತೆಯಿಲ್ಲ. ಆದರೂ ಒಂದೆರಡು ದಿನ ಅದು ನಿಜವಾಗಿ ಕುಡಿಯುತ್ತಿದೆಯೇ ಎಂದು ತೂಗಿ ನೋಡಬೇಕು.

ತೂಗಲು ನಿಮ್ಮಲ್ಲಿ ಏಲಕ್ಕಿ, ಕಾಳುಮೆಣಸು ತೂಗುವ ಸಣ್ಣ ತಕ್ಕಡಿ ಇದ್ದರೆ ಅದೇ ಸಾಕು. ಹುಟ್ಟಿದ ಮರಿ ಸುಮಾರು 100 ಗ್ರಾಂ. ದಿನಕ್ಕೆ 10ರಿಂದ 15 ಗ್ರಾಂ ಏರುತ್ತ, ತಿಂಗಳಿಗೆ 400 ಗ್ರಾಂ ಆಸುಪಾಸು, ಎರಡು ತಿಂಗಳಿಗೆ 800-900 ಗ್ರಾಂ ಮುಟ್ಟಬೇಕು. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಒಂದು ದಿನ ತೂಕ ಏರದಿದ್ದರೆ ಎಚ್ಚರ, ಇಳಿದರೆ ಅಂದೇ ವೈದ್ಯರ ಬಳಿಗೆ. ಎಳೆಮರಿ ಕಾಯಿಲೆಯನ್ನು ಮುಖದಲ್ಲಿ ತೋರಿಸುವ ಹೊತ್ತಿಗೆ ಬಹಳ ತಡವಾಗಿರುತ್ತದೆ, ತಕ್ಕಡಿ ಒಂದು ದಿನ ಮೊದಲೇ ಹೇಳುತ್ತದೆ.

ತಾಯಿ ಸೇರಿಸಿಕೊಳ್ಳದಿದ್ದರೆ ನೀವೇ ಉಣಿಸಬೇಕು. ಆಗ ಆಕಳ ಹಾಲು ಬೇಡ. ಕೊಟ್ಟಿಗೆಯಲ್ಲಿ ಕರೆದ ನೊರೆಹಾಲು ನಮಗೆ ಅಮೃತವಾದರೂ ಬೆಕ್ಕಿನ ಮರಿಗೆ ಅದು ಸಾಲದು. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ನೂರಕ್ಕೆ ಏಳೆಂಟು ಭಾಗ, ಆಕಳ ಹಾಲಿನಲ್ಲಿ ಮೂರು ಚಿಲ್ಲರೆ. ಕೊಬ್ಬೂ ಕಡಿಮೆ, ಆದರೆ ಹೊಟ್ಟೆ ಕೆಡಿಸುವ ಹಾಲುಸಕ್ಕರೆ ಹೆಚ್ಚು. ನಿಮ್ಮ ಮರಿಯ ಭೇದಿಗೆ ಇದೂ ಒಂದು ಕಾರಣವಾಗಿರಬಹುದು. ಜೀರ್ಣವಾಗಲಿ ಎಂದು ಕೆಲವರು ನೀರು ಬೆರೆಸುತ್ತಾರೆ. ಮೊದಲೇ ತೆಳುವಾದ ಹಾಲು ಇನ್ನಷ್ಟು ತೆಳುವಾಗಿ, ಮರಿ ಹೊಟ್ಟೆ ತುಂಬಿಸಿಕೊಂಡೇ ಸೊರಗುತ್ತದೆ. ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ. ಶಿರಸಿಯ ಅಂಗಡಿಗಳಲ್ಲಿ ಇಲ್ಲದಿದ್ದರೆ ತರಿಸಿಕೊಡಲು ಹೇಳಿ, ಬರುವವರೆಗೆ ಏನು ಕೊಡಬೇಕೆಂದು ವೈದ್ಯರನ್ನು ಕೇಳಿ. ಭೇದಿ ಹತ್ತಿದ ಎಳೆಮರಿ ಒಂದೇ ದಿನದಲ್ಲಿ ಒಣಗಿಹೋಗುತ್ತದೆ. ಕತ್ತಿನ ಚರ್ಮ ಎತ್ತಿ ಬಿಟ್ಟಾಗ ತಟ್ಟನೆ ಕೂರದೆ ಹಾಗೇ ನಿಂತರೆ ತಡ ಮಾಡಬೇಡಿ.

ಬತ್ತಿಯನ್ನೂ ಬಿಟ್ಟುಬಿಡಿ. ಎಷ್ಟು ಕುಡಿಯಿತೆಂಬ ಲೆಕ್ಕ ಸಿಗುವುದಿಲ್ಲ, ಹತ್ತಿಯ ಎಳೆ ಹೊಟ್ಟೆಗೆ ಹೋಗುತ್ತದೆ. ಸೂಜಿ ತೆಗೆದ ಸಣ್ಣ ಸಿರಿಂಜು ಅಥವಾ ಮರಿಗಳ ಬಾಟಲಿ ಸಾಕು. 200 ಗ್ರಾಂ ತೂಕದ ಮರಿಗೆ ದಿನಕ್ಕೆ ಸುಮಾರು 40 ಮಿ.ಲೀ. ಹಾಲು ಬೇಕು. ನಾಲ್ಕು ತಾಸಿಗೊಮ್ಮೆ ಕೊಟ್ಟರೆ ಒಂದು ಸಲಕ್ಕೆ ಆರೇಳು ಮಿ.ಲೀ. ಆಯಿತು. ಕಣ್ಣು ಬಿಡದ ಮರಿಯಾದರೆ ಎರಡು ಮೂರು ತಾಸಿಗೊಮ್ಮೆ, ರಾತ್ರಿಯೂ. ಹಾಲು ಮೈಬಿಸಿಯಷ್ಟೇ ಬೆಚ್ಚಗಿರಲಿ. ಕೂಸನ್ನು ಮಲಗಿಸಿಕೊಳ್ಳುವ ಹಾಗೆ ಅಂಗಾತ ಹಿಡಿಯುವುದೇ ದೊಡ್ಡ ತಪ್ಪು. ಮರಿ ತಾಯಿಯ ಹೊಟ್ಟೆಗೆ ಆತು ಕುಡಿಯುವಾಗ ಹೇಗಿರುತ್ತದೋ ಹಾಗೆ, ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲೆತ್ತಿ ಇರಬೇಕು. ಮೂಗಿನಲ್ಲಿ ಹಾಲು ಬಂತೆಂದರೆ ನಿಲ್ಲಿಸಿ, ತಲೆ ತಗ್ಗಿಸಿ ಒರೆಸಿ. ಉಣಿಸುವ ಮೊದಲೋ ಆಮೇಲೋ ಒದ್ದೆ ಬಟ್ಟೆಯಿಂದ ಕಿಬ್ಬೊಟ್ಟೆ, ಗುದದ ಭಾಗವನ್ನು ಮೆಲ್ಲಗೆ ಸವರಲೇಬೇಕು. ಮೂರು ವಾರದ ತನಕ ಮರಿಗೆ ತಾನಾಗಿ ಉಚ್ಚೆ, ಕಕ್ಕ ಮಾಡಲು ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ಮನೆಯಲ್ಲಿ ಹಾಲು ಕುಡಿಸುವವರಿಗೆ ಗೊತ್ತಿಲ್ಲದೆ ಹೋಗುವ ಸಂಗತಿ ಇದೇ.

ಸಿಕ್ಕ ಮರಿಯ ವಯಸ್ಸು ತಿಳಿಯಲು ಮೈಯನ್ನೇ ಓದಬೇಕು. ಹೊಕ್ಕುಳಬಳ್ಳಿ ಅಂಟಿಕೊಂಡಿದ್ದರೆ ನಾಲ್ಕೈದು ದಿನದೊಳಗಿನದು. ಕಣ್ಣು ಬಿಡುವುದು ಹೆಚ್ಚಾಗಿ 7ರಿಂದ 10 ದಿನದ ನಡುವೆ. ಎರಡು ವಾರ ದಾಟುತ್ತ ಮುಂದಿನ ಸಣ್ಣ ಬಾಚಿಹಲ್ಲುಗಳು ಮೂಡುತ್ತವೆ, ಮೂರರಿಂದ ನಾಲ್ಕನೇ ವಾರದಲ್ಲಿ ಕೋರೆಹಲ್ಲು, ನಾಲ್ಕರಿಂದ ಆರನೇ ವಾರದಲ್ಲಿ ಒಳಗಿನ ದವಡೆಹಲ್ಲು. ಕಿವಿ ನೆಟ್ಟಗೆ ನಿಲ್ಲುವುದು ಮೂರನೇ ವಾರದ ಹೊತ್ತಿಗೆ.

ಹಲ್ಲಿನ ಮಾತು ಬಂದಲ್ಲಿಗೆ ನಿಮ್ಮ ಮುಖ್ಯ ಪ್ರಶ್ನೆಗೂ ಬಂದ ಹಾಗಾಯಿತು. ಹಾಲು ಬಿಡಿಸಲು ಪಂಚಾಂಗ ನೋಡಬೇಕಾಗಿಲ್ಲ, ಬಾಯಿ ನೋಡಿದರೆ ಸಾಕು. ಕೋರೆಹಲ್ಲು ಬಂದು ದವಡೆಹಲ್ಲು ಮೂಡತೊಡಗಿದ ಮರಿ ಬೇರೆ ಆಹಾರದ ರುಚಿ ನೋಡಲು ತಯಾರಾಗಿದೆ ಎಂದು ಅರ್ಥ. ಸಾಮಾನ್ಯವಾಗಿ ಅದು ನಾಲ್ಕು ವಾರದ ಸುಮಾರಿಗೆ. ನಿಮ್ಮ ಮರಿಗಳಿಗೆ ಇನ್ನೂ ಹತ್ತು ದಿನ ಇದೆ. ಅಲ್ಲಿಯವರೆಗೆ ಅವುಗಳ ಬಾಯಿಗೆ ನೀವು ಯಾವ ಆಹಾರವನ್ನೂ ಹಾಕುವುದು ಬೇಡ.

ಆದರೆ ತಿನ್ನಲು ಶುರುಮಾಡುವುದು ಬೇರೆ, ಹಾಲು ಬಿಡುವುದು ಬೇರೆ, ತಾಯಿಯನ್ನು ಬಿಡುವುದು ಮತ್ತೂ ಬೇರೆ. ಆಕಳು ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕರು ಹುಟ್ಟಿದ ಕೆಲವೇ ವಾರಕ್ಕೆ ಹುಲ್ಲಿನ ಎಸಳು ಚೀಪತೊಡಗಿದರೂ ಕೆಚ್ಚಲನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ. ಬೆಕ್ಕಿನ ಮರಿಯಲ್ಲಿ ತಿನ್ನುವುದು ನಾಲ್ಕನೇ ವಾರಕ್ಕೆ ಶುರುವಾದರೆ, ಹೊಟ್ಟೆ ತುಂಬುವಷ್ಟು ತಿನ್ನಲು ಕಲಿಯುವುದು ಏಳೆಂಟನೇ ವಾರಕ್ಕೆ. ನಡುವಿನ ಒಂದು ತಿಂಗಳು ಅರ್ಧ ಹಾಲು, ಅರ್ಧ ಆಹಾರ. ಈ ತಿಂಗಳನ್ನು ನಡೆಸುವುದು ತಾಯಿ. ನಾಲ್ಕು ವಾರ ಕಳೆದ ಮೇಲೆ ಅದನ್ನು ಗಮನಿಸಿ ನೋಡಿ. ಮೊದಲೆಲ್ಲ ತಾನೇ ಬಂದು ಮಗ್ಗುಲಾಗಿ ಮಲಗಿ ಕರೆಯುತ್ತಿದ್ದ ಬೆಕ್ಕು ಈಗ ಮರಿಗಳು ಹತ್ತಿರ ಬಂದರೆ ಎದ್ದು ಹೋಗುತ್ತದೆ. ಹೊಟ್ಟೆಯನ್ನು ನೆಲಕ್ಕೊತ್ತಿ ಕೂರುತ್ತದೆ, ಮರಿಗಳಿಗೆ ಎಟುಕದ ತೊಲೆಯ ಮೇಲೋ ಕಟ್ಟಿಗೆ ರಾಶಿಯ ಮೇಲೋ ಏರಿ ಕೂತುಬಿಡುತ್ತದೆ. 'ಮರಿಗಳ ಮೇಲೆ ಮಮತೆ ಹೋಯಿತು' ಎಂದು ಮನೆಯವರು ಮರುಗುತ್ತಾರೆ. ಮಮತೆ ಹೋಗಿಲ್ಲ. ಅದೇ ಹೊತ್ತಿಗೆ ಅದು ಇಲಿ ತರಲು ಶುರುಮಾಡಿರುತ್ತದೆ: ಮೊದಲು ಸತ್ತದ್ದು, ಆಮೇಲೆ ಅರೆಜೀವದ್ದು, ಕೊನೆಗೆ ಜೀವಂತದ್ದು. ಮೊಲೆ ತಪ್ಪಿಸುವುದೂ ಇಲಿ ತರುವುದೂ ಒಂದೇ ಪಾಠದ ಎರಡು ಭಾಗ. ಅಂಗಳದಲ್ಲಿ ಇಲಿ ಕಂಡು ಹೇಸಿ ಎತ್ತಿ ಎಸೆಯುವವರು ಆ ಪಾಠವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಕೊಟ್ಟಿಗೆಯ ಹಿಂದೆಲ್ಲಾದರೂ ತಾಯಿ-ಮರಿಗಳಿಗೆ ಒಂದು ಜಾಗ ಬಿಟ್ಟುಕೊಡಿ.

ಹೀಗಾಗಿ ನೀವಾಗಿ ಮರಿಗಳನ್ನು ಬೇರೆ ಮಾಡಿ, ತಾಯಿಯನ್ನು ಕೋಣೆಯ ಹೊರಗೆ ಹಾಕಿ ಹಾಲು ಬಿಡಿಸುವ ಅಗತ್ಯವೇ ಇಲ್ಲ. ತಟ್ಟನೆ ಬೇರೆ ಮಾಡಿದರೆ ತಾಯಿಗೆ ಮೊಲೆ ಕಟ್ಟಿ ಬಾವು ಬರುತ್ತದೆ, ಮರಿಗಳು ಬಟ್ಟೆ, ಕಿವಿ, ಒಂದರ ಹೊಟ್ಟೆ ಇನ್ನೊಂದು ಚೀಪುವ ಚಾಳಿ ಹಚ್ಚಿಕೊಳ್ಳುತ್ತವೆ.

ನೀವು ಮಾಡಬೇಕಾದದ್ದು ಆಹಾರ ಇಡುವುದು. ಅನ್ನ-ಹಾಲು, ಮೊಸರನ್ನದ ಮಾತು ಇಲ್ಲಿ ಬರುತ್ತದೆ. ನಿಮ್ಮ ಸೀಮೆಯ ಮನೆಗಳಲ್ಲಿ ತಲೆಮಾರುಗಳಿಂದ ಬೆಕ್ಕು ಬೆಳೆದದ್ದು ಅದರಲ್ಲೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಆ ಬೆಕ್ಕುಗಳು ನಿಮ್ಮ ಕಣ್ಣೆದುರು ಮೊಸರನ್ನ ತಿಂದವು, ಕಣ್ಣು ತಪ್ಪಿಸಿ ಭತ್ತದ ಕಣಜದ ಇಲಿ, ತೋಟದ ಓತಿ, ಮಿಡತೆ ತಿಂದವು. ಅವನ್ನು ಬದುಕಿಸಿದ್ದು ಈ ಎರಡನೆಯದು. ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ವಸ್ತು ಬೇಕು. ನಮ್ಮ ದೇಹ ಅದನ್ನು ಮಾಡಿಕೊಳ್ಳುತ್ತದೆ, ಬೆಕ್ಕಿಗೆ ಸಾಕಷ್ಟು ಮಾಡಿಕೊಳ್ಳಲು ಬರುವುದಿಲ್ಲ. ಅದು ಸಿಗುವುದು ಪ್ರಾಣಿಯ ಮಾಂಸದಲ್ಲಿ, ಮತ್ತು ಬೆಕ್ಕಿನ ಹಾಲಿನಲ್ಲಿ. ಅಕ್ಕಿಯಲ್ಲಿ ಇಲ್ಲ, ಆಕಳ ಹಾಲಿನಲ್ಲಿ ಇರುವುದು ತೀರ ಅಲ್ಪ. 1975ರಲ್ಲಿ ಅಮೆರಿಕದ ಕೆ.ಸಿ. ಹೇಯ್ಸ್ ಮತ್ತು ಸಂಗಡಿಗರು ಟಾರಿನ್ ಕೊರತೆಯಾದ ಬೆಕ್ಕುಗಳ ಕಣ್ಣಿನ ಅಕ್ಷಿಪಟಲ ನಾಶವಾಗುವುದನ್ನು ತೋರಿಸಿದರು. 1987ರಲ್ಲಿ ಕ್ಯಾಲಿಫೋರ್ನಿಯದ ಪಾಲ್ ಪಿಯನ್ ಮತ್ತು ಜೊತೆಗಾರರು ಅದೇ ಕೊರತೆಯಿಂದ ಹೃದಯ ಹಿಗ್ಗಿ ಬೆಕ್ಕುಗಳು ಸಾಯುತ್ತವೆ ಎಂದು ಕಂಡರು. ಅಲ್ಲಿಂದ ಮುಂದೆ ಬೆಕ್ಕಿನ ಆಹಾರ ಮಾಡುವ ಕಂಪನಿಗಳು ಟಾರಿನ್ ಹೆಚ್ಚಿಸಿದವು. ಟಾರಿನ್ ಒಂದೇ ಅಲ್ಲ, ಕ್ಯಾರೆಟ್ಟಿನ ಬಣ್ಣದಿಂದ ಎ ಜೀವಸತ್ವ ಮಾಡಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಅದು ಹುಟ್ಟಿನಿಂದಲೇ ಮಾಂಸದ ಪ್ರಾಣಿ. ಬೇಟೆ ಬಲ್ಲ ದೊಡ್ಡ ಬೆಕ್ಕು ನಿಮ್ಮ ಮೊಸರನ್ನದ ಜೊತೆ ತನ್ನ ಪಾಲನ್ನು ಹೊಂದಿಸಿಕೊಳ್ಳುತ್ತದೆ. ಬೇಟೆಯಾಡಲು ಬಾರದ ಮರಿಗೆ, ಅದರಲ್ಲೂ ತಾಯಿಯಿಲ್ಲದ ಮರಿಗೆ ಆ ದಾರಿಯಿಲ್ಲ. ಹಾಲನ್ನದಲ್ಲಿ ಬೆಳೆದ ಒಂಟಿ ಮರಿ ಹೊಟ್ಟೆ ಡುಬ್ಬವಾಗಿ, ಬೆನ್ನು ಒಣಗಿ, ಕೂದಲು ಕೆದರಿ ಉಳಿಯುವುದನ್ನು ನೀವೂ ನೋಡಿರುತ್ತೀರಿ.

ಮನೆಯ ಆಚಾರವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಮೊಟ್ಟೆ, ಮೀನು ತಂದು ಬೇಯಿಸಿ ಎಂದು ನಿಮಗೆ ಹೇಳುವುದೂ ಇಲ್ಲ. ಮರಿಗಳಿಗೆಂದು ಪ್ಯಾಕೆಟ್ಟಿನಲ್ಲಿ ಬರುವ ಒಣ ಆಹಾರ ಇದೆ, ಅದರಲ್ಲಿ ಕೋಳಿ, ಮೀನು ಇರುತ್ತದೆ ನಿಜ. ಅದನ್ನು ಜಗುಲಿಯ ಆಚೆ, ಕೊಟ್ಟಿಗೆಯ ಬಳಿ ಇಟ್ಟುಕೊಳ್ಳಬಹುದು, ಅಡುಗೆಮನೆಗೆ ತರಬೇಕಾಗಿಲ್ಲ, ಪಾತ್ರೆಗೆ ಸೋಕಬೇಕಾಗಿಲ್ಲ. ಬಡಿಸಲು ಹಾಳೆತಟ್ಟೆಗಿಂತ ಚೆಂದದ್ದು ಬೇರೆ ಇಲ್ಲ. ತಗ್ಗಾಗಿರುತ್ತದೆ, ಮರಿಗೆ ಅಂಚು ಎಟುಕುತ್ತದೆ, ತಿಂದ ಮೇಲೆ ಗೊಬ್ಬರಗುಂಡಿಗೆ ಹಾಕಿದರಾಯಿತು. ಇಲಿಗಾಗಿಯೇ ಬೆಕ್ಕು ಸಾಕುವ ಮನೆ ಅದರ ಮರಿಗಳಿಗೆ ಎರಡು ತಿಂಗಳು ಇಷ್ಟು ಮಾಡುವುದು ನ್ಯಾಯವೆಂದು ನನಗೆ ಅನಿಸುತ್ತದೆ. ಪ್ಯಾಕೆಟ್ಟಿನ ಮೇಲೆ 'ಕಿಟನ್' ಎಂದೇ ಇರಲಿ. ನಾಯಿಯ ಆಹಾರ ಬೇಡ, ಅದು ಬೆಕ್ಕಿನ ಲೆಕ್ಕಕ್ಕೆ ಮಾಡಿದ್ದಲ್ಲ.

ಮೊದಲ ದಿನಗಳಲ್ಲಿ ಮರಿಗಳ ಒಣ ಆಹಾರದ ಕಾಳುಗಳನ್ನು ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ನೆನೆಸಿ ಅಂಬಲಿಯ ಹದಕ್ಕೆ ಕಿವುಚಿ. ಬೆರಳ ತುದಿಯಲ್ಲಿ ತೆಗೆದು ತುಟಿಗೆ ಸವರಿದರೆ ಮರಿ ನೆಕ್ಕಿಕೊಳ್ಳುತ್ತದೆ, ಬಾಯೊಳಗೆ ತುರುಕಬೇಡಿ. ತಟ್ಟೆಯೊಳಗೆ ನಡೆಯುತ್ತವೆ, ಮೂಗು ಅದ್ದಿ ಸೀನುತ್ತವೆ, ಮೈಗೆಲ್ಲ ಮೆತ್ತಿಕೊಳ್ಳುತ್ತವೆ. ತಾಯಿಯೂ ಜೊತೆಗೆ ತಿನ್ನಲಿ, ಅದನ್ನು ನೋಡಿಯೇ ಮರಿಗಳು ಕಲಿಯುತ್ತವೆ, ಹಾಲೂಡುವ ಬೆಕ್ಕಿಗೆ ಮಾಮೂಲಿನ ಎರಡು ಮೂರು ಪಾಲು ಆಹಾರ ಬೇಕು ಕೂಡ. ದಿನಕ್ಕೆ ನಾಲ್ಕು ಸಲ ಇಡಿ, ಉಳಿದದ್ದನ್ನು ತಾಸು ಕಳೆದ ಮೇಲೆ ತೆಗೆಯಿರಿ. ನಮ್ಮ ಮಳೆಗಾಲದ ತೇವಕ್ಕೆ ಅದು ಬೇಗ ಹುಳಿಯುತ್ತದೆ. ವಾರದಿಂದ ವಾರಕ್ಕೆ ನೀರು ಕಡಿಮೆ ಮಾಡುತ್ತ, ಎರಡು ತಿಂಗಳಿಗೆ ಒಣ ಕಾಳನ್ನೇ ಕಡಿಯುವಂತಾಗಲಿ. ಕುಡಿಯುವ ನೀರಿನ ತಟ್ಟೆ ನಾಲ್ಕನೇ ವಾರದಿಂದಲೇ ಇರಲಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಹುಳಿ ಕಲಸಿದ ಅನ್ನ ಬೇಡ, ಅವು ಬೆಕ್ಕಿನ ರಕ್ತವನ್ನು ಕೆಡಿಸುತ್ತವೆ. ತೋಟದ ಮರಿಯನ್ನು ನೀವೇ ಬಾಟಲಿಯಲ್ಲಿ ಬೆಳೆಸಿದರೆ ಕ್ರಮ ಇದೇ, ಆದರೆ ಅದಕ್ಕೆ ಎದ್ದು ಹೋಗಿ ಪಾಠ ಕಲಿಸುವ ತಾಯಿಯಿಲ್ಲ. ಬಾಟಲಿಯ ಮೊಲೆತೊಟ್ಟನ್ನು ಅದು ಕಚ್ಚಿ ಜಗಿಯತೊಡಗಿದಾಗ ಒಂದೊಂದೇ ಹೊತ್ತಿನ ಹಾಲನ್ನು ನೀವು ಕಳೆಯುತ್ತ ಹೋಗಬೇಕು. ತೂಕ ನಿಂತರೆ ಒಂದು ಹೆಜ್ಜೆ ಹಿಂದಕ್ಕೆ.

ತಿನ್ನತೊಡಗಿದ ಮರಿ ಕೆದಕಿ ಕೂರುವುದನ್ನೂ ಕಲಿಯುತ್ತದೆ. ತಗ್ಗಿನ ಪೆಟ್ಟಿಗೆಯಲ್ಲಿ ಒಣಮಣ್ಣು ಅಥವಾ ಮರದ ಹೊಟ್ಟು ಹಾಕಿಡಿ. ಒಲೆಯ ಬೂದಿ ಬೇಡ, ಒದ್ದೆಯಾದ ಬೂದಿ ಎಳೆ ಪಾದ ಸುಡುತ್ತದೆ.

ಇನ್ನು ಮರಿ ಕೇಳಿಟ್ಟ ಇಬ್ಬರು. ತಿಂಗಳಿಗೆ ಕೊಡಬೇಡಿ. ಎಂಟು ವಾರಕ್ಕೆ ಮೊದಲು ಖಂಡಿತ ಬೇಡ, ಹನ್ನೆರಡು ವಾರವಾದರೆ ಉತ್ತಮ. 2017ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 5,700ಕ್ಕೂ ಹೆಚ್ಚು ಬೆಕ್ಕುಗಳ ವಿವರ ಕಲೆಹಾಕಿ ನೋಡಿದಾಗ, ಎಂಟು ವಾರಕ್ಕೆ ಮೊದಲೇ ತಾಯಿಯಿಂದ ಬೇರೆಯಾದವುಗಳಲ್ಲಿ ಕಚ್ಚುವ, ಪರಚುವ ಸ್ವಭಾವ ಹೆಚ್ಚಾಗಿತ್ತು. ಆಟದಲ್ಲಿ ಒಡಹುಟ್ಟು ಚೀರಿದಾಗ ಹಲ್ಲು ಸಡಿಲಿಸಲು ಕಲಿಯುವುದು ಈ ವಾರಗಳಲ್ಲೇ. ಆ ಇಬ್ಬರು ಇದಕ್ಕೆ ಒಪ್ಪದಿದ್ದರೆ ಅವರಿಗೆ ಬೇಕಾದ ಕಾರಣವೇ ಒಂದಿದೆ. 1930ರಲ್ಲಿ ಚೀನಾದ ಮನೋವಿಜ್ಞಾನಿ ಕುವೊ ಝಿಂಗ್-ಯಾಂಗ್ ಒಂದು ಪ್ರಯೋಗ ಪ್ರಕಟಿಸಿದರು. ಇಲಿ ಹಿಡಿಯುವ ತಾಯಿಯ ಜೊತೆ ಬೆಳೆದ 21 ಮರಿಗಳಲ್ಲಿ 18 ಇಲಿ ಕೊಂದವು. ಒಂಟಿಯಾಗಿ ಬೆಳೆದ 20ರಲ್ಲಿ 9 ಮಾತ್ರ. ಇಲಿಯ ಜೊತೆಗೇ ಬೆಳೆದ 18ರಲ್ಲಿ ಬರೀ 3. ಅಡಿಕೆ ಅಟ್ಟದ, ಕಣಜದ ಇಲಿಗಾಗಿ ಮರಿ ಬೇಕೆನ್ನುವವರು ಇನ್ನೂ ಎರಡು ತಿಂಗಳು ಕಾದರೆ ಕಲಿತ ಬೆಕ್ಕನ್ನೇ ಒಯ್ಯುತ್ತಾರೆ. ಕಾಯುವ ದಿನಗಳಲ್ಲಿ ಅವರು ಬಂದು ಮರಿಯನ್ನು ಎತ್ತಿ ಮುದ್ದಾಡಿ ಹೋಗುತ್ತಿರಲಿ, ಮಕ್ಕಳೂ ಮುಟ್ಟಲಿ. ಎರಡರಿಂದ ಏಳನೇ ವಾರದೊಳಗೆ ಮನುಷ್ಯರ ಕೈ ಕಂಡ ಮರಿ ಜನರೊಡನೆ ಹೆಚ್ಚು ಸೌಮ್ಯವಾಗಿರುತ್ತದೆ ಎಂದು ಫಿಲಡೆಲ್ಫಿಯದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ಅವರ ಅಧ್ಯಯನಗಳು ತೋರಿಸಿವೆ. ಎತ್ತುವಾಗ ಕತ್ತಿನ ಚರ್ಮ ಹಿಡಿಯುವುದು ಬೇಡ. ತಾಯಿ ಕಚ್ಚಿದಾಗ ಎಳೆಮರಿ ಮೈ ಸಡಿಲಿಸಿ ಜೋತುಬೀಳುತ್ತದೆ ಎಂಬುದನ್ನು ಕಂಡೇ ಶ್ರೀವೈಷ್ಣವರು ಶರಣಾಗತಿಗೆ ಮಾರ್ಜಾಲ ಕಿಶೋರದ ಉಪಮಾನ ಕೊಟ್ಟರು. ಆದರೆ ಆ ಹಿಡಿತ ತಾಯಿಗೆ ಮಾತ್ರ ಗೊತ್ತು. ನಾವು ಎದೆಯ ಅಡಿಗೊಂದು ಕೈ, ಹಿಂಗಾಲಿಗೊಂದು ಕೈ ಕೊಟ್ಟು ಎತ್ತಬೇಕು.

ಮನೆಯಲ್ಲೇ ಇರುವ ಕೆಲವು ಅಪಾಯಗಳನ್ನು ಹೇಳದೆ ಬಿಡಲಾರೆ. ಜ್ವರ ಬಂದಿದೆಯೆಂದು ಪ್ಯಾರಾಸಿಟಮಾಲ್ ಕೊಡಬೇಡಿ, ಒಂದು ಚೂರು ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು. ಮರಿ ಮಲಗುವ ಜಾಗವನ್ನು ಫಿನಾಯಿಲಿನಲ್ಲಿ ಒರೆಸಬೇಡಿ, ನೆಕ್ಕಿಕೊಂಡ ಪಾದದಿಂದ ಅದು ಹೊಟ್ಟೆಗೆ ಹೋಗುತ್ತದೆ. ನುಸಿಗುಳಿಗೆ ಇಟ್ಟ ಹಳೆ ಬಟ್ಟೆ ಹಾಸಬೇಡಿ. ತಾಯಿ ಬೇಟೆಯಾಡುವ ದಿನಗಳಲ್ಲಿ ಮನೆಯಲ್ಲಾಗಲಿ ತೋಟದಲ್ಲಾಗಲಿ ಇಲಿಪಾಷಾಣ ಇಡಬೇಡಿ, ಪಕ್ಕದ ಮನೆಯವರಿಗೂ ಹೇಳಿ. ಚಿಗಟ ಹೆಚ್ಚಾದರೆ ಎಳೆಮರಿಯ ರಕ್ತವೇ ಬತ್ತುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ಅದಕ್ಕೆ ನಾಯಿಯ ಪುಡಿ, ಹನಿ ಔಷಧ ಹಾಕಬೇಡಿ. ಅವುಗಳಲ್ಲಿ ಹಲವಕ್ಕೆ ಹಾಕುವ ಪರ್ಮೆತ್ರಿನ್ ಬೆಕ್ಕಿಗೆ ವಿಷ. ಹೇನು ತೆಗೆಯುವ ಬಾಚಣಿಗೆಯಿಂದ ಬಾಚಿ ಸಾಬೂನು ನೀರಿಗೆ ಹಾಕಿ. ಬೆಟ್ಟ ಸುತ್ತುವ ತಾಯಿ ಉಣುಗುಗಳನ್ನೂ ತರುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರ, ಶಿರಸಿ ಕಡೆಯವರಿಗೆ ಹೊಸದಲ್ಲ, ಅದನ್ನು ಹರಡುವುದು ಇಂಥ ಕಾಡಿನ ಉಣುಗುಗಳೇ. ಚಿಮ್ಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆದು ತೆಗೆಯಿರಿ, ಉಗುರಿನಲ್ಲಿ ಕುಕ್ಕಬೇಡಿ, ಆಮೇಲೆ ಕೈ ತೊಳೆಯಿರಿ. ತೋಟದಲ್ಲಿ ಸಿಕ್ಕ ಮರಿ ಯಾರಿಗಾದರೂ ಕಚ್ಚಿದ್ದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಅದರ ತಾಯಿ ಯಾವುದೆಂದು ನಮಗೆ ಗೊತ್ತಿಲ್ಲ, ರೇಬೀಸ್ ವಿಷಯದಲ್ಲಿ ಊಹೆಗೆ ಜಾಗವಿಲ್ಲ.

ದುಂಡುಹುಳು ತಾಯಿಯ ಹಾಲಿನಿಂದಲೇ ಮರಿಗೆ ಬರುತ್ತದೆ. ಆದ್ದರಿಂದ ಜಂತುಹುಳದ ಔಷಧ ಮೂರನೇ ವಾರಕ್ಕೇ ಶುರುವಾಗಿ, ಎರಡು ತಿಂಗಳು ತುಂಬುವವರೆಗೆ ಎರಡೆರಡು ವಾರಕ್ಕೊಮ್ಮೆ ಬೇಕು. ನಿಮ್ಮ ಮರಿಗಳಿಗೆ ಹೊತ್ತಾಗಿದೆ. ಪ್ರಮಾಣ ತೂಕದ ಮೇಲೆ ನಿಂತಿರುವುದರಿಂದ ಶಿರಸಿಯ ಪಶು ಆಸ್ಪತ್ರೆಗೆ ಹೋಗುವಾಗ ಬರೆದಿಟ್ಟ ತೂಕದ ಚೀಟಿ ಒಯ್ಯಿರಿ, ತಾಯಿಗೂ ಅದೇ ದಿನ ಕೊಡಿಸಿ. ಎಂಟನೇ ವಾರಕ್ಕೆ ಮೊದಲ ಲಸಿಕೆ, ಮೂರು ನಾಲ್ಕು ವಾರ ಬಿಟ್ಟು ಮತ್ತೆ, ಹನ್ನೆರಡು ವಾರವಾದ ಮೇಲೆ ರೇಬೀಸ್ ಲಸಿಕೆ. ಹನ್ನೆರಡು ವಾರ ಇಟ್ಟುಕೊಳ್ಳಿ ಎಂದು ಹೇಳಲು ಇದೂ ಒಂದು ಕಾರಣ: ಚುಚ್ಚುಮದ್ದು ಮುಗಿಸಿ ಕೊಟ್ಟ ಮರಿ ಹೊಸ ಮನೆಯಲ್ಲಿ ಬದುಕುವ ಸಂಭವ ಹೆಚ್ಚು.

ತಾಯಿಬೆಕ್ಕು ಮರಿಗಳಿಗೆ ಹಾಲೂಡುತ್ತಿರುವಾಗಲೇ ಮತ್ತೆ ಗಬ್ಬ ನಿಲ್ಲಬಲ್ಲದು, ಗಬ್ಬದ ಅವಧಿ ಒಂಬತ್ತು ವಾರ ಅಷ್ಟೇ. ಮರಿಗಳಿಗೆ ಎಂಟು ವಾರ ದಾಟಿ ಮೊಲೆ ಬತ್ತಿದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿ, ಅಲ್ಲಿಯವರೆಗೆ ರಾತ್ರಿ ಹೊತ್ತು ಅದನ್ನು ಒಳಗೇ ಇಟ್ಟುಕೊಳ್ಳಿ. ಹೆಣ್ಣುಮರಿ ಒಯ್ಯುವವರಿಗೆ ಅದು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದೆಂದು ಈಗಲೇ ತಿಳಿಸಿಡಿ.